ಮೂರನೆಯ ಸ್ಲೈಡು

ಮೈಕ್ರೋಸ್ಕೋಪಿಗೆ ಬೆನ್ನು ಹಾಕಿ ಕೂರುತ್ತಿದ್ದ ವಿಜ್ಞಾನಿಯನ್ನು ನಾನು ಕಂಡದ್ದು ಅವರೊಬ್ಬರನ್ನೇ. ವಾರಗಟ್ಟಲೆ ಕಷ್ಟಪಟ್ಟು ಸಿದ್ಧಮಾಡಿದ ಸ್ಲೈಡನ್ನು ನನ್ನ ಮುಂದಿಟ್ಟು, ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತು, "ಈಗ ನೀವು ನೋಡಿ" ಎನ್ನುತ್ತಿದ್ದರು. ತಾವು ಮೊದಲು ನೋಡುತ್ತಿರಲಿಲ್ಲ. ಯಾಕೆಂದು ಕೇಳಿದರೆ ಅವರ ಉತ್ತರ ಸೀದಾ ಇತ್ತು: "ನಂಗೆ ಹೊಳೀಲಿ ಹೇಳಿ ಆಸೆ ಇದ್ದು. ಹೊಳೀದಿದ್ರೂ ಹೊಳೆದ ಹಂಗೆ ಕಾಣ್ತು ನಂಗೆ. ನಿಮಗೆಂತ, ಹೊಳೆದ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಕಳೆದ ತಿಂಗಳು ಆ ಮೇಡಂ ತೀರಿಕೊಂಡರು. ಐವತ್ತು ದಾಟಿ ಹೆಚ್ಚು ವರ್ಷವಾಗಿರಲಿಲ್ಲ. ಕಾಲೇಜಿನಲ್ಲಿ ಎರಡು ನಿಮಿಷ ಮೌನ ಆಚರಿಸಿ, ನಾಲ್ಕು ಜನ ನಾಲ್ಕು ಒಳ್ಳೆಯ ಮಾತು ಆಡಿದರು. ನನ್ನನ್ನೂ ಮಾತಾಡಲು ಕರೆದರು. "ಗಂಟಲು ಸರಿ ಇಲ್ಲ" ಎಂದು ತಪ್ಪಿಸಿಕೊಂಡೆ. ಅಂದು ಆಡಬೇಕಾಗಿದ್ದ ಮಾತನ್ನೇ ಈಗ ಬರೆಯುತ್ತಿದ್ದೇನೆ.

ಶಿರಸಿಯ ಆ ಕಾಲೇಜಿನಲ್ಲಿ ಅವರದು ರಸಾಯನಶಾಸ್ತ್ರ, ನನ್ನದು ಸಸ್ಯಶಾಸ್ತ್ರ. ನನ್ನ ಊರು ಬನವಾಸಿ ಕಡೆ. ಅವರು ಸಿದ್ದಾಪುರ ತಾಲೂಕಿನ ಹವ್ಯಕರು, 'ಅಂತ' ಎನ್ನುವಲ್ಲಿ 'ಹೇಳಿ' ಎನ್ನುವವರು. ನನ್ನ ಮಾತು ಒರಟು ಎಂದು ಅವರಿಗೆ ನಗು. ಅವರು ಮಾತಾಡುವುದೇ ಕಡಿಮೆ ಎಂದು ನನಗೆ ಸಿಟ್ಟು. ಬಿಳಿ ಸೀರೆ ಉಟ್ಟ ದಿನ ಸೆರಗಿನಲ್ಲಿ ಗುಲಾಬಿ ಚುಕ್ಕಿಗಳು ಕಾಣುತ್ತಿದ್ದವು. ಉಗುರ ಸಂದಿಯಲ್ಲೂ ಅದೇ ಗುಲಾಬಿ. ಹುಡುಗಿಯರು ಅದನ್ನು ಮದರಂಗಿ ಎಂದುಕೊಂಡು ಗುಟ್ಟಾಗಿ ನಗುತ್ತಿದ್ದರು. ಮದುವೆಯಾಗದ ಮೇಡಂ ಯಾರಿಗಾಗಿ ಮದರಂಗಿ ಹಚ್ಚಿಕೊಂಡಾರು ಎಂಬುದು ಅವರ ತಮಾಷೆ. ಆ ಬಣ್ಣ ಹುಬ್ಬಳ್ಳಿಯ ಬಣ್ಣದ ಅಂಗಡಿಯಿಂದ ಬಂದದ್ದು. ಊದುಬತ್ತಿಯ ಕಡ್ಡಿಗೆ ಹಾಕುವ ಪುಡಿ ಅದು.

ಆ ಪುಡಿಯನ್ನು ಅವರು ಮತ್ತೆ ಮತ್ತೆ ಶುದ್ಧಮಾಡಿ, ಇನ್ನೊಂದು ಘಾಟು ದ್ರಾವಣದ ಜೊತೆ ಗಂಟೆಗಟ್ಟಲೆ ಕುದಿಸುತ್ತಿದ್ದರು. ಕಣ್ಣು ಕುಕ್ಕುವ ಗುಲಾಬಿ ನಿಧಾನಕ್ಕೆ ತಿಳಿಯಾಗಿ, ಕೊನೆಗೆ ಬಣ್ಣವೇ ಇಲ್ಲದಂತಾಗುತ್ತಿತ್ತು. "ಬಣ್ಣ ಮಲಗಿಸ್ತಾ ಇದ್ದೆ" ಎನ್ನುತ್ತಿದ್ದರು. ಮಲಗಿದ ಬಣ್ಣವನ್ನು ಎಬ್ಬಿಸುವ ಶಕ್ತಿ ಇದ್ದದ್ದು ತಾಮ್ರಕ್ಕೆ. ಜೀವಂತ ಕೋಶದೊಳಗೆ ಆ ದ್ರಾವಣ ಹೋಗಿ, ಅಲ್ಲಿ ತಾಮ್ರ ಸಿಕ್ಕರೆ, ಬಣ್ಣ ಎದ್ದು ಬೆಳಕಿಗೆ ಹೊಳೆಯಬೇಕು. ತಾಮ್ರ ಇಲ್ಲದಿದ್ದರೆ ಕೋಶ ಕಪ್ಪಾಗಿಯೇ ಇರಬೇಕು. ಅವರು ಹತ್ತು ವರ್ಷ ಮಾಡಿದ್ದು ಇಷ್ಟೇ. ಹೇಳಲು ಎರಡು ಸಾಲು ಸಾಕು.

ಕಾಲೇಜಿನಲ್ಲಿದ್ದ ಒಂದೇ ಒಂದು ಒಳ್ಳೆಯ ಮೈಕ್ರೋಸ್ಕೋಪು ನನ್ನ ವಿಭಾಗದ್ದು. ಅದರ ಕೀಲಿಕೈ ನನ್ನ ಜನಿವಾರ ಎಂದು ಸಹೋದ್ಯೋಗಿಗಳು ಹಂಗಿಸುತ್ತಿದ್ದರು. ಲಿಂಗ ಕಟ್ಟಿದವನಿಗೆ ಜನಿವಾರ ಎಲ್ಲಿಂದ ಬರಬೇಕು! ಅವರು ಬಂದು ಕೇಳಿದಾಗ ನಾನು ಮೊದಲು ಕೊಡಲಿಲ್ಲ. "ರಜಿಸ್ಟರ್‌ನ್ಯಾಗ ಬರೀರಿ ಮೇಡಂ, ಪ್ರಿನ್ಸಿಪಾಲರ ಸಹಿ ತರ್ರಿ" ಎಂದೆ. ಅವರು ಒಂದೂ ಮಾತಾಡದೆ ಬರೆದು, ಸಹಿ ಹಾಕಿಸಿ ತಂದರು. ಮರುದಿನ ಮತ್ತೆ ಬರೆದು ಸಹಿ ತಂದರು. ಹೀಗೆ ಹದಿನೇಳು ದಿನ ನಡೆಯಿತು. ಹದಿನೆಂಟನೆಯ ದಿನ ನಾನೇ ನಾಚಿ, ಕೀಲಿಕೈ ಕೊಟ್ಟುಬಿಟ್ಟೆ.

ಉಗ್ರಾಣದ ಕೋಣೆಯ ಕಿಟಕಿಗೆ ಕೊಡೆಯ ಕಪ್ಪು ಬಟ್ಟೆ ಹೊಡೆದು ಕತ್ತಲೆ ಮಾಡಿದರು. ಭೂಗೋಳದವರು ಮೂಲೆಗೆ ಎಸೆದಿದ್ದ ಸ್ಲೈಡ್ ಪ್ರೊಜೆಕ್ಟರು ದೀಪವಾಯಿತು. ಅದರ ಮುಂದೆ ಒಂದು ಹಸಿರು ಗಾಜು. ಕಣ್ಣಿಡುವಲ್ಲಿ ಕೆಂಪು ಗಾಜು. ಆ ಕೆಂಪು ಗಾಜು, ಬಾಗಿಲು ಹಾಕಿದ ಒಂದು ಫೋಟೋ ಸ್ಟುಡಿಯೋದ ಕತ್ತಲ ಕೋಣೆಯಿಂದ ಬೇಡಿ ತಂದದ್ದು. ತಾಮ್ರದ ಉಪ್ಪಾದ ಮೈಲುತುತ್ತದ ನೀರಿನಲ್ಲಿ ಅದ್ದಿ ತೊಳೆದ ಈರುಳ್ಳಿಯ ಪೊರೆಯನ್ನು ನಾನು ಅಲ್ಲಿ ಮೊದಲ ಸಲ ನೋಡಿದೆ. ಜೀವಮಾನವೆಲ್ಲ ಈರುಳ್ಳಿಯ ಪೊರೆ ತೋರಿಸಿಯೇ ಸಂಬಳ ತಿಂದವನು ನಾನು. ಅಂಥದ್ದನ್ನು ಕಂಡಿರಲಿಲ್ಲ. ಕತ್ತಲಲ್ಲಿ ಒಂದೊಂದು ಕೋಶವೂ ಕೆಂಡದ ಹಾಗೆ ಹೊಳೆಯುತ್ತಿತ್ತು.

"ಎಂತ ಕಂಡ್ತು?" ಗೋಡೆಯ ಕಡೆಯಿಂದ ಅವರ ದನಿ ಬಂತು.

"ಹೊಳ್ಯಾಕತ್ತೈತ್ರಿ" ಎಂದೆ. ಅವರು ಆಗಲೂ ತಿರುಗಲಿಲ್ಲ. "ಬರೀರಿ" ಎಂದರು. ನೋಡಿದವನೇ ಬರೆಯಬೇಕು ಎಂಬುದು ಅವರ ಇನ್ನೊಂದು ನಿಯಮ. ಹಾಗಾಗಿ ಅವರ ನೋಟ್‌ಪುಸ್ತಕದ ತುಂಬ ನನ್ನ ಕಾಗೆ ಕಾಲಿನ ಅಕ್ಷರ.

ಸಂತೋಷ ಎರಡೇ ದಿನ. ಆಮೇಲೆ ಎಲ್ಲವೂ ಹೊಳೆಯತೊಡಗಿತು. ಮೈಲುತುತ್ತ ಮುಟ್ಟಿಸದ ಈರುಳ್ಳಿಯೂ ಹೊಳೆಯಿತು, ನನ್ನ ಕೆನ್ನೆಯ ಒಳಗಿನಿಂದ ಕೆರೆದ ಕೋಶಗಳೂ ಹೊಳೆದವು. ನಮ್ಮ ಅಟೆಂಡರ್ ಗಣಪತಿ ಸಿದ್ದಾಪುರ ಕಡೆಯವನು, ಮೇಡಮ್ಮನ್ನು ಊರ ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ ಅಕ್ಕೋರೇ ಎನ್ನುತ್ತಿದ್ದ. "ಅಕ್ಕೋರೇ, ಎಲ್ಲರ ಮೈಯಲ್ಲೂ ಇಷ್ಟು ತಾಮ್ರ ಇದ್ರೆ ಪಾತ್ರೆ ಅಂಗಡಿಯವ್ರು ನಮ್ಮನ್ನ ಬಿಡ್ತಿದ್ರಾ?" ಎಂದು ನಕ್ಕ. ನಾನು ನಗಲಿಲ್ಲ. ಮುಖಕ್ಕೆ ಹೊಡೆದ ಹಾಗೆ ಹೇಳಿದೆ: "ನಿಮ್ಮ ಪುಡಿ ಕೆಲಸಕ್ಕ ಬರೂದಿಲ್ರಿ ಮೇಡಂ. ಬಿಟ್ಟುಬಿಡ್ರಿ."

ಅವರು ಮೂರು ದಿನ ಮಂಕಾಗಿದ್ದರು. ನಾಲ್ಕನೆಯ ದಿನ ನಮ್ಮ ಡಿಸ್ಟಿಲ್ಡ್ ನೀರಿನ ಯಂತ್ರದ ಮುಚ್ಚಳ ತೆಗೆದು ಒಳಗೆ ಇಣುಕಿದರು. ಹಳೆಯ ಯಂತ್ರ, ಒಳಗೆಲ್ಲ ತಾಮ್ರ. ಮೇಲೆ ಹಾಕಿದ್ದ ಕಲಾಯಿ ಸವೆದು ಹೋಗಿ ತಾಮ್ರ ಫಳಫಳ ಎನ್ನುತ್ತಿತ್ತು. ನಾವು ತೊಳೆಯುತ್ತಿದ್ದ ನೀರಿನಲ್ಲೇ ತಾಮ್ರ! ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಆಮೇಲೆ ಕೇಳಲಿಲ್ಲ. ಅಂದಿನಿಂದ ಯಲ್ಲಾಪುರ ರಸ್ತೆಯ ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ನೀರು ತರಿಸಿ, ಪ್ರತಿ ಕ್ಯಾನಿಗೂ ತಮ್ಮ ದ್ರಾವಣದ ಹನಿ ಬಿಟ್ಟು ನೋಡಿ, ಗುಲಾಬಿಯಾದರೆ ವಾಪಸು ಕಳಿಸುತ್ತಿದ್ದರು. ಗ್ಯಾರೇಜಿನವನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಆ ದಿನವೇ ಅವರು ನನಗೆ ಹೇಳಿದ್ದು: "ನಂಗೆ ಬೇಜಾರಾಗ್ತು ಹೇಳಿ ಗೊತ್ತಿದ್ರೂ ನೀವು ಕಂಡದ್ದನ್ನೇ ಹೇಳಿದ್ರಿ. ಇನ್ನು ಮುಂದೆ ಎಲ್ಲಾ ನೀವೇ ನೋಡವು."

ಎಲ್ಲವನ್ನೂ ನಾನೇ ನೋಡಬೇಕಂತೆ! ನಾನು ಉಬ್ಬಿಹೋದೆ. ಅದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಇಷ್ಟೆಲ್ಲ ಯಾಕೆ ಎಂದು ನನಗೆ ಗೊತ್ತಾದದ್ದು ತಡವಾಗಿ. ವಿದ್ಯಾರ್ಥಿಗಳನ್ನು ಕರೆದುಕೊಂಡು ಅರಬೈಲ್ ಘಟ್ಟಕ್ಕೆ ಗಿಡ ನೋಡಲು ಹೋಗಿದ್ದೆವು. ಹುಡುಗಿಯರ ಜೊತೆಗೆಂದು ಅವರೂ ಬಂದಿದ್ದರು. ದಾರಿಬದಿಯ ಮನೆಯೊಂದರಲ್ಲಿ ನೀರು ಕೇಳಿದೆವು. ಆ ಮನೆಯಾಕೆ ತಾಮ್ರದ ತಂಬಿಗೆಯಲ್ಲಿ ತಂದುಕೊಟ್ಟರು. ಎಲ್ಲರೂ ಕುಡಿದರು. ಇವರು ಮಾತ್ರ ಬಾಯಾರಿ ತುಟಿ ಒಣಗಿದ್ದರೂ ಬೇಡ ಎಂದರು. "ಇಷ್ಟು ಮಡಿ ಬ್ಯಾಡ್ರಿ ಮೇಡಂ" ಎಂದು ರೇಗಿಸಿದೆ. ಹಿಂತಿರುಗುವಾಗ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, ತಮ್ಮನ ಕತೆ ಹೇಳಿದರು.

ತಮ್ಮನಿಗೆ ಹದಿನೈದು ವರ್ಷವಾದಾಗ ಅಕ್ಷರ ಸೊಟ್ಟಗಾಗತೊಡಗಿತಂತೆ. ಸೋಮಾರಿ ಎಂದು ಮಾಸ್ತರರು ಹೊಡೆದರು. ಆಮೇಲೆ ಕೈ ನಡುಗಿತು, ಮಾತು ತೊದಲಿತು, ಜೊಲ್ಲು ಸುರಿಯಿತು. ಗಾಳಿ ಸೋಕಿದೆ ಎಂದರು, ತಾಯಿತ ಕಟ್ಟಿಸಿದರು. ಔಷಧಿ ಕೊಟ್ಟವರು ಯಕೃತ್ತು ಸರಿ ಇಲ್ಲ ಎಂದಿದ್ದರು. ಯಕೃತ್ತಿಗೆ ತಾಮ್ರದ ನೀರು ಒಳ್ಳೆಯದು ಎಂಬುದು ಮನೆಮನೆಯ ನಂಬಿಕೆ. ದಿನವೂ ಸಂಜೆ ತಂಬಿಗೆ ತುಂಬಿ ಅವನ ಹಾಸಿಗೆಯ ಪಕ್ಕ ಇಡುವುದು ಅಕ್ಕನಾದ ಇವರ ಕೆಲಸ. ಬೆಳಿಗ್ಗೆ ಅದನ್ನು ಪೂರಾ ಕುಡಿಸುವುದೂ ಇವರದೇ. ಹತ್ತೊಂಬತ್ತಕ್ಕೆ ಅವನು ಸತ್ತ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಲೈಬ್ರರಿಯ ಪುಸ್ತಕವೊಂದರಲ್ಲಿ ಒಂದು ಕಾಯಿಲೆಯ ವಿವರ ಓದಿದರು. ಮೈ ಸೇರಿದ ತಾಮ್ರವನ್ನು ಯಕೃತ್ತು ಹೊರಗೆ ಹಾಕಲಾರದ, ಮನೆತನದಲ್ಲಿ ಇಳಿದು ಬರುವ ಕಾಯಿಲೆ. ನಡುಗುವ ಕೈ, ತೊದಲುವ ಮಾತು, ಸಾಲು ಸಾಲಾಗಿ ತಮ್ಮನದೇ ಕತೆ. ಕೊನೆಯ ಸಾಲು: ತಾಮ್ರದ ಪಾತ್ರೆಯ ನೀರು ಕೊಡಬಾರದು.

"ಒಂದು ದಿನ ನಾನು ತಂಬಿಗೆ ತುಂಬಲೆ ಮರೆತಿದ್ದಿ" ಎಂದರು. "ಆಯಿ ಬೈದ್ಲು. ಮರುದಿನ ಎರಡು ತಂಬಿಗೆ ಕುಡಿಸಿದಿ."

ಅವರ ಕೆಲಸವನ್ನು ಹೊರಗಿನವರು ಒಪ್ಪಲಿಲ್ಲ. ಒಂದು ವಿಜ್ಞಾನ ಪತ್ರಿಕೆಗೆ ಬರೆದು ಕಳಿಸಿದರು. ಕೋಶಗಳು ಹೊಳೆಯುವ ಫೋಟೋ ಕಳಿಸಿ ಎಂದು ಮರಳಿ ಬಂತು. ಮದುವೆ ಫೋಟೋ ತೆಗೆಯುವವನೊಬ್ಬ ಮೈಕ್ರೋಸ್ಕೋಪಿನ ಕಣ್ಣಿಗೆ ಕ್ಯಾಮೆರಾ ಹಿಡಿದು ಒಂದು ರೀಲು ಪೂರ್ತಿ ಕ್ಲಿಕ್ಕಿಸಿದ. ಬಂದದ್ದು ಕುಂಕುಮ ಚೆಲ್ಲಿದಂಥ ಕಲೆಗಳು. ಅವರು ಮತ್ತೆ ಕಳಿಸಲಿಲ್ಲ. "ಅಡ್ಡಿಲ್ಲೆ, ಬೇಕಾದವ್ರಿಗೆ ಬೇಕಾದಾಗ ಆಗ್ತು" ಎಂದರು. ಬೇಕಾದವರು ಯಾರು ಎಂದು ಆಗ ನಾನು ಕೇಳಲಿಲ್ಲ.

ಅವರ ಅಕ್ಕನನ್ನು ಯಲ್ಲಾಪುರಕ್ಕೆ ಕೊಟ್ಟಿತ್ತು, ಸಂಬಂಧದಲ್ಲೇ. ಅಕ್ಕನ ಮಗಳು ಸ್ವಾತಿ, ಹನ್ನೆರಡು ವರ್ಷ. ರಜೆಯಲ್ಲಿ ಶಿರಸಿಗೆ ಬಂದರೆ ಚಿಕ್ಕಿಯ ಹಿಂದೆಯೇ ಪ್ರಯೋಗಾಲಯಕ್ಕೆ ಬರುತ್ತಿದ್ದಳು. ಮಾತಿನ ಮಲ್ಲಿ. ನನ್ನ ಮಾತಿನ ಧಾಟಿಯನ್ನು ಅಣಕಿಸಿ ಗಣಪತಿಯನ್ನು ನಗಿಸುತ್ತಿದ್ದಳು. ಎರಡು ಸಾವಿರದ ಇಸವಿಯ ಆಚೀಚೆ ಒಂದು ದಿನ ಮೇಡಂ ನನ್ನ ಟೇಬಲ್ಲಿನ ಮೇಲೆ ಒಂದು ಇನ್‌ಲ್ಯಾಂಡ್ ಪತ್ರ ಇಟ್ಟರು. "ಅಕ್ಷರ ನೋಡಿ" ಎಂದರು. ಸ್ವಾತಿ ಬರೆದದ್ದು. ಸಾಲು ಕೆಳಗಿಳಿದಿತ್ತು, ಅಕ್ಷರ ಸಣ್ಣಗಾಗಿ ನಡುಗಿತ್ತು.

ಅಕ್ಕನ ಮನೆಗೆ ಹೋಗಿ ತಾಮ್ರದ ತಂಬಿಗೆಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿ ಬಂದರು. ಹುಬ್ಬಳ್ಳಿಯ ನರರೋಗದ ಡಾಕ್ಟರ ಹತ್ತಿರ ಕರೆದೊಯ್ಯೋಣ ಎಂದರು. ಭಾವ ಒಪ್ಪಲಿಲ್ಲ. ಆ ಮಾತು ನನ್ನೆದುರೇ ಆಯಿತು. ಪ್ರಯೋಗಾಲಯದ ಜಗಲಿಯಲ್ಲಿ ನಿಂತು ಭಾವ ಹೇಳಿದ್ದು ಇದು: "ಕೂಸಿನ ತಲೆ ಡಾಕ್ಟ್ರಿಗೆ ತೋರ್ಸಿದ್ರೆ ನಾಳೆ ಊರೆಲ್ಲ ಎಂತ ಹೇಳ್ತ? ನಿನ್ನ ಪರೀಕ್ಷೇಲಿ ತಾಮ್ರ ಇದ್ದು ಹೇಳಿ ಬರಲಿ, ನಾಳೆ ಬೆಳಿಗ್ಗೆನೇ ಹುಬ್ಬಳ್ಳಿಗೆ ಹೋಪನ. ಇಲ್ಲೆ ಹೇಳಿ ಬಂದ್ರೆ ಈ ಮಾತು ಇಲ್ಲಿಗೇ ಬಿಡವು."

ತಾಮ್ರ ಕಂಡರೆ ಹುಬ್ಬಳ್ಳಿ, ಕಾಣದಿದ್ದರೆ ಆ ಮಾತೇ ಬಿಡಬೇಕು: ಹಾಗೆ ಪರೀಕ್ಷೆ ಗೊತ್ತಾಯಿತು. ಮೇ ತಿಂಗಳ ಕೊನೆ, ಕಾಲೇಜಿಗೆ ರಜೆ. ಐದು ಜನರ ಕೆನ್ನೆಯ ಕೋಶ: ಸ್ವಾತಿ, ಅವಳ ತಂದೆ, ತಾಯಿ, ಮೇಡಂ, ಗಣಪತಿ. ಬೆಳಿಗ್ಗೆಯಿಂದ ಯಾರೂ ಬಾಯಿಗೆ ನೀರು ಬಿಟ್ಟು ಏನೂ ಹಾಕಕೂಡದು, ಬಣ್ಣ ಹತ್ತೀತು ಎಂದು ಕಟ್ಟಪ್ಪಣೆ. ಎಲೆ ಅಡಿಕೆಯ ಕವಳ ಬಿಟ್ಟಿರಲಾರದ ಗಣಪತಿ ಅಂದು ಮುಖ ಊದಿಸಿಕೊಂಡಿದ್ದ. ಸ್ಲೈಡಿಗೆ ಸಂಖ್ಯೆ ಹಾಕುವವನು ಅವನೇ. ಯಾವುದು ಯಾರದೆಂಬ ಚೀಟಿ ಅವನ ಕಿಸೆಯಲ್ಲಿ. ನೋಡುವ ನನಗೂ, ಮಾಡಿದ ಮೇಡಮ್ಮಿಗೂ ಗೊತ್ತಾಗಬಾರದು.

ನಾನು ಬರುವಾಗ ಕಾಲೇಜಿನ ಹಿಂದಿನ ನೇರಳೆ ಮರದ ಕೆಳಗೆ ಸ್ವಾತಿ ಕೂತಿದ್ದಳು. ಒಂದು ಹಣ್ಣು ಬಾಯಿಗೆ ಹಾಕಿಕೊಳ್ಳುತ್ತಿದ್ದವಳು ನನ್ನನ್ನು ಕಂಡು ಬೆಚ್ಚಿ, ತುಟಿಯ ಮೇಲೆ ಬೆರಳಿಟ್ಟಳು. ಹಸಿದ ಮಗು. ನಾನು ನಕ್ಕು, "ನಲ್ಲಿಗೆ ಹೋಗಿ ಬಾಯಿ ತೊಳ್ಕೊ" ಎಂದು ಒಳಗೆ ಹೋದೆ.

ಕತ್ತಲ ಕೋಣೆ. ಮೇಡಂ ಗೋಡೆಯ ಕಡೆ. ಒಂದನೆಯ ಸ್ಲೈಡು ಕಪ್ಪು. ಎರಡನೆಯದು ಕಪ್ಪು. ಮೂರನೆಯದರಲ್ಲಿ ಹಸಿರು ಗಾಜು ಹಾಕುವ ಮೊದಲೇ ತೆಳು ನೇರಳೆ ಛಾಯೆ ಕಂಡಿತು. ಅದು ಯಾರದೆಂದು ಆಗಲೇ ನನಗೆ ಗೊತ್ತಾಯಿತು. ಗಾಜು ಹಾಕಿದೆ. ಹೊಳೆಯುತ್ತಿತ್ತು. ಈರುಳ್ಳಿಯ ಹಾಗೆ ಕೆಂಡವಲ್ಲ, ಬೂದಿ ಮುಚ್ಚಿದ ಕೆಂಡದಷ್ಟು. ಆದರೆ ಹೊಳೆಯುತ್ತಿತ್ತು. ಕಣ್ಣು ತೆಗೆದು, ಒರೆಸಿ, ಮತ್ತೆ ನೋಡಿದೆ. ಇತ್ತು.

ನೇರಳೆ ಹಣ್ಣಿನ ಬಣ್ಣವೇ ಇರಬೇಕು ಎಂದುಕೊಂಡೆ. ಹೊರಗೆ ಜಗಲಿಯಲ್ಲಿ ಸ್ವಾತಿ ಗಣಪತಿಯ ಜೊತೆ ಏನೋ ಹೇಳಿ ನಗುತ್ತಿದ್ದಳು. ಭಾವನಿಗೆ ಐದು ಗಂಟೆಯ ಯಲ್ಲಾಪುರದ ಬಸ್ಸು ಹಿಡಿಯುವ ಅವಸರ. ಹಣ್ಣು ತಿಂದಿದ್ದಾಳೆ, ನಾಳೆ ಮತ್ತೆ ನೋಡಬೇಕು ಎಂದರೆ ಮಗುವಿಗೆ ಬೈಗುಳ, ಭಾವನ ಹಾರಾಟ. ಅದಕ್ಕಿಂತ ಹೆಚ್ಚಾಗಿ, ಗೋಡೆಯ ಕಡೆ ತಿರುಗಿದ ಆ ಬೆನ್ನು. ಅಷ್ಟು ಬಿಗಿಯಾಗಿ ಕೂತ ಬೆನ್ನನ್ನು ನಾನು ನೋಡಿರಲಿಲ್ಲ. ಇವರಿಗೆ ಒಂದು ಸಲವಾದರೂ ಒಳ್ಳೆಯ ಸುದ್ದಿ ಕೊಡಬೇಕು ಎನಿಸಿತು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಇತ್ತು. ಇಷ್ಟು ವರ್ಷದ ಮೇಲೆ ಅದನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ. ಹೊಳೆದರೂ ಅಷ್ಟೇ ಬಿಟ್ಟರೂ ಅಷ್ಟೇ ಎಂದು ಅವರು ನಂಬಿದ್ದ ಕಣ್ಣಿಗೆ ಅಂದು ಆಸೆ ಹುಟ್ಟಿತ್ತು.

"ಎಂತ ಕಂಡ್ತು?"

"ಮೂರನೇದೂ ಕಪ್ಪೇ" ಎಂದೆ. ನಾಲ್ಕು, ಐದು ನಿಜವಾಗಿಯೂ ಕಪ್ಪು. ಐದೂ ಸ್ಲೈಡುಗಳ ಮುಂದೆ ನನ್ನ ಕೈಯಾರೆ "ಇಲ್ಲ" ಎಂದು ಬರೆದೆ.

ಅವರು ಎದ್ದು, ನನ್ನ ಕಡೆ ನೋಡದೆ, ಹೊರಗೆ ಓಡಿದರು. ಓಡಿದರು ಎಂದೇ ಬರೆಯಬೇಕು. ಜಗಲಿಯಲ್ಲಿ ಅಕ್ಕನ ಎರಡೂ ಕೈ ಹಿಡಿದು, "ಇಲ್ಲೆ ಅಕ್ಕಾ, ತಾಮ್ರ ಇಲ್ಲೆ" ಎಂದು ಅತ್ತರು. ಸ್ವಾತಿ ಬಾಯಾರಿಕೆ ಎಂದಳು. "ಮನೆಗೆ ಹೋಗಿ ತಂಬಿಗೆ ನೀರು ಕುಡಿಲಕ್ಕು ಇನ್ನು, ಅಡ್ಡಿಲ್ಲೆ" ಎಂದು ಅವರೇ, ಅವರ ಬಾಯಿಯಿಂದಲೇ, ಹೇಳಿದರು.

ಎಂಟು ತಿಂಗಳಾದ ಮೇಲೆ ಸ್ವಾತಿ ಶಾಲೆಯ ಮೆಟ್ಟಿಲಿನಿಂದ ಬಿದ್ದಳು. ಆಗ ಹುಬ್ಬಳ್ಳಿಗೆ ಒಯ್ದರು. ಡಾಕ್ಟರು ಅವಳ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಕರಿಗುಡ್ಡೆಯ ಸುತ್ತ ಕಂದು ಬಳೆ. ಕಣ್ಣಿನಲ್ಲಿ ಕೂತ ತಾಮ್ರ. ಇನ್ನೂ ಬೇಗ ತಂದಿದ್ದರೆ ಮಾತು ಉಳಿಯುತ್ತಿತ್ತು ಎಂದರಂತೆ. ಕೆನ್ನೆಯ ಕೋಶ ನೋಡಿದ್ದೆವು ಎಂದು ಮೇಡಂ ಹೇಳಿದಾಗ, ಯಕೃತ್ತಿನ ಕಾಯಿಲೆಯನ್ನು ಕೆನ್ನೆ ಹೇಳುವುದಿಲ್ಲ ಎಂದರಂತೆ.

ಹೇಳುತ್ತದೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಅಂದು ಹೊಳೆದದ್ದು ತಾಮ್ರವೋ ನೇರಳೆ ಹಣ್ಣೋ, ಅದೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಕಂಡದ್ದನ್ನು ಹೇಳಿದ್ದರೆ ಮರುದಿನ ಬೆಳಿಗ್ಗೆ ಅವರು ಹುಬ್ಬಳ್ಳಿಯ ಬಸ್ಸಿನಲ್ಲಿ ಇರುತ್ತಿದ್ದರು.

ಹುಬ್ಬಳ್ಳಿಯಿಂದ ಬಂದ ದಿನ ಅವರು ಪ್ರಯೋಗಾಲಯಕ್ಕೆ ಬಂದು, ಬಣ್ಣ ಮಲಗಿಸಿ ಇಟ್ಟಿದ್ದ ಬಾಟಲಿಗಳನ್ನು ಒಂದೊಂದಾಗಿ ತೊಟ್ಟಿಗೆ ಸುರಿದರು. "ನನ್ನ ಪುಡಿ ಸುಳ್ಳು ಹೇಳ್ತು" ಎಂದರು. ತೊಟ್ಟಿಯ ನಲ್ಲಿ ಹಿತ್ತಾಳೆಯದು, ತಾಮ್ರ ಬೆರೆತದ್ದು. ಅದರ ಬುಡದಲ್ಲಿ ನೀರು ನಿಧಾನಕ್ಕೆ ಗುಲಾಬಿಯಾಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಲು ಅದೇ ಸಮಯ. ಹೇಳಲಿಲ್ಲ. ಆಮೇಲೆ ಒಂಬತ್ತು ವರ್ಷ, ದಿನವೂ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು ಚಹಾ ಕುಡಿದೆವು. ಒಂದು ದಿನವೂ ಹೇಳಲಿಲ್ಲ.

ಶಿರಸಿ ಬಳಿಯ ಇಸಳೂರಿನಲ್ಲಿ ಸಣ್ಣ ಮನೆ ಕಟ್ಟಿಸಿ ಸ್ವಾತಿಯನ್ನು ತಂದಿಟ್ಟುಕೊಂಡರು. ಹೊತ್ತು ಹೊತ್ತಿಗೆ ಗುಳಿಗೆ, ತಿಂಗಳಿಗೊಮ್ಮೆ ಹುಬ್ಬಳ್ಳಿ. ತಮ್ಮ ಪ್ರಯೋಗದ ಹೆಸರನ್ನು ಮತ್ತೆ ಎತ್ತಲಿಲ್ಲ. ಪಾಠ ಮಾತ್ರ ಮೊದಲಿನಂತೆಯೇ ಮಾಡಿದರು. "ಸುಮಾರು" ಎಂದ ವಿದ್ಯಾರ್ಥಿಯನ್ನು ನಿಲ್ಲಿಸಿ ಎಷ್ಟು ಎಂದು ಕೇಳುವುದನ್ನು ಕೊನೆಯವರೆಗೂ ಬಿಡಲಿಲ್ಲ.

ಅವರ ಹದಿಮೂರನೆಯ ದಿನದ ಕಾರ್ಯ ಕಳೆದ ಮೇಲೆ ನಾನು ಇಸಳೂರಿಗೆ ಹೋದೆ. ಸ್ವಾತಿಗೆ ಈಗ ಇಪ್ಪತ್ತೊಂದು. ಒಂದೊಂದು ಶಬ್ದವನ್ನೂ ಬಾಯೊಳಗೆ ಹುಡುಕಿ ತೆಗೆದು ಹೇಳುತ್ತಾಳೆ. ಸ್ಟೀಲು ಲೋಟದಲ್ಲಿ ನೀರು ತಂದಳು, ಅರ್ಧ ದಾರಿಯಲ್ಲೇ ಚೆಲ್ಲಿತು. ಒಂದು ಬಿಸ್ಕೀಟಿನ ಡಬ್ಬಿ ನನ್ನ ಮುಂದಿಟ್ಟಳು. ಒಳಗೆ ಆ ಕೆಂಪು ಗಾಜು, ಆ ನೋಟ್‌ಪುಸ್ತಕ. "ಚಿಕ್ಕಿ... ನಿಮಗೆ ಕೊಡು ಹೇಳಿ ಇಟ್ಟಿದ್ದು."

ಪುಸ್ತಕ ತಾನಾಗಿಯೇ ಆ ಪುಟಕ್ಕೆ ತೆರೆದುಕೊಂಡಿತು. ಐದು ಸಾಲು, ಐದು "ಇಲ್ಲ", ನನ್ನ ಕಾಗೆ ಕಾಲಿನ ಅಕ್ಷರ. ಕೆಳಗೆ ಬೇರೆ ಶಾಯಿಯಲ್ಲಿ ಅವರ ದುಂಡನೆಯ ಬರಹ: "ನೋಡಿದವರು ನಂಬಿಕಸ್ಥರು. ತಪ್ಪು ಪುಡಿಯದು."

ಸ್ವಾತಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಆ ದಿನ... ನೇರಳೆ ಹಣ್ಣು ತಿಂದಿದ್ದಿ ಆನು. ನಿಮಗೊಬ್ರಿಗೇ ಗೊತ್ತು" ಎಂದಳು. "ಚಿಕ್ಕಿಗೆ ಹೇಳಿದ್ನಿಲ್ಲೆ. ಪರೀಕ್ಷೆ... ಹಾಳಾದ್ದು ನನ್ನಿಂದ." ಒಂಬತ್ತು ವರ್ಷ ಈ ಮಗು ಅದನ್ನು ಹೊತ್ತುಕೊಂಡಿತ್ತು. ಅವಳ ಬಾಯಿಂದ ಅದು ಹೊರಬರುವಷ್ಟು ಹೊತ್ತು ನಾನು ತಲೆ ತಗ್ಗಿಸಿ ಕಾಯಬೇಕಾಯಿತು.

"ನಿನ್ನಿಂದ ಅಲ್ಲವ್ವ" ಎಂದೆ. "ನಿಂದು ಹೊಳೀತಿತ್ತು. ನಾನು ಕಂಡಿದ್ದೆ. ಇಲ್ಲ ಅಂತ ಬರದವ ನಾನು."

ಅವಳು ಅಳಲಿಲ್ಲ, ಬೈಯಲಿಲ್ಲ. "ಚಿಕ್ಕಿಗೆ ಹೇಳಕಾಗಿತ್ತು ಸರ್" ಎಂದಳು. ಎದ್ದು ಹೋಗಿ ಪೆನ್ನು ತಂದು ನನ್ನ ಕೈಗೆ ಕೊಟ್ಟು, "ತಿದ್ದಿ" ಎಂದಳು.

ಪುಟ ಅಲುಗದಿರಲೆಂದು ಎರಡೂ ಅಂಗೈ ಒತ್ತಿ ಹಿಡಿದಳು. ಆದರೂ ಅಲುಗುತ್ತಿತ್ತು. ಮೂರನೆಯ ಸಾಲಿನ "ಇಲ್ಲ" ಹೊಡೆದು ಹಾಕಿ "ಇದೆ" ಎಂದು ಬರೆದು, ಸಹಿ ಮಾಡಿದೆ. ಆಮೇಲೆ ಕೆಳಗಿದ್ದ ಆ ಎರಡು ಮಾತನ್ನೂ ಹೊಡೆದು ಹಾಕಲೆಂದು ಪೆನ್ನು ಇಳಿಸಿದೆ. ಸ್ವಾತಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಬ್ಯಾಡ ಸರ್, ಅದ್ನ ಮುಟ್ಟಡಿ. ಅದು... ಚಿಕ್ಕಿ ಬರೆದದ್ದು."